ಗುಲಾಬಿ ಬಿದ್ದ ಗೋಡೆ

ಜಮಖಂಡಿಯ ನಮ್ಮ ಮನೆಗೆ ಮೊದಲ ಸಲ ಬಂದವರು ಪಡಸಾಲೆಯಲ್ಲಿ ಕೂತು, ಕೊಟ್ಟ ನೀರು ಕುಡಿದು ತಂಬಿಗೆ ಕೆಳಗಿಡುವ ಮೊದಲೇ ಕೇಳುತ್ತಾರೆ: "ಗ್ವಾಡಿಗೆ ಅದೇನ್ರೀ?" ಕಾರಣವಿದೆ. ಬಿಳಿ ಗೋಡೆಯ ಮೇಲೆ, ಒಂದು ಹಳೆಯ ಸ್ವಿಚ್ ಬೋರ್ಡಿನ ಕೆಳಗಿನಿಂದ ನೆಲದವರೆಗೆ, ಗುಲಾಬಿ ಬಣ್ಣದ ಒಂದು ದೊಡ್ಡ ಧಾರೆ ಇಳಿದಿದೆ. ಎಷ್ಟು ಸಲ ಸುಣ್ಣ ಬಳಿದರೂ, ಮೇಲೆ ಪೇಂಟು ಹೊಡೆದರೂ, ಹದಿನೈದು ದಿನ ಸುಮ್ಮನಿದ್ದು ಮತ್ತೆ ಇಣುಕುತ್ತದೆ. ಹಳೆಯ ಸೀರೆಯ ಸೆರಗು ಗೋಡೆಗೆ ಅಂಟಿಕೊಂಡಂತೆ ಕಾಣುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅದರ ಮುಂದೆ ಒಂದು ಕಪಾಟು ನಿಲ್ಲಿಸಿ ಮುಚ್ಚುತ್ತಿದ್ದರು. ನಾನು ಅದರ ಎದುರಿಗೇ ಕುರ್ಚಿ ಹಾಕಿ ಬಂದವರನ್ನು ಕೂಡಿಸುತ್ತೇನೆ. ಯಾಕೆಂದರೆ ಆ ಕಥೆ ಹೇಳುವುದೆಂದರೆ ನನಗೆ ಹೋಳಿಗೆ ತಿಂದಷ್ಟು ಖುಷಿ.

ಆ ಗೋಡೆ ನಮಗೂ ಪಕ್ಕದ ಮನೆಗೂ ನಡುವಿನದು. ಅತ್ತ ಬದಿಗೆ ಇರುವವರನ್ನು ನನ್ನ ಗಂಡ ಮಾತು ಬಂದಾಗಿನಿಂದ ಕಾಕಿ ಎನ್ನುತ್ತಾರೆ, ಹಾಗಾಗಿ ನನಗೂ ಅವರು ಕಾಕಿ. ಬೀರೇಶ್ವರನ ಒಕ್ಕಲು. ಒಂದು ಕಾಲಕ್ಕೆ ಕುರಿ ಹಿಂಡು ಇದ್ದ ಮನೆ. ಈಗ ಮಗ ಸೊಸೆ ಇಬ್ಬರೂ ನೌಕರಿಯವರು. ಆದರೂ ಕಾಕಿ ತಮ್ಮ ಮಾಳಿಗೆಗೆ ಸ್ಲ್ಯಾಬು ಹಾಕಿಸಲು ಬಿಟ್ಟಿಲ್ಲ. ದಪ್ಪ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗಿಂತ ಮೊದಲು ಬುಟ್ಟಿ ಬುಟ್ಟಿ ಸವಳು ಮಣ್ಣು ತರಿಸಿ, ಮಾಳಿಗೆಯ ಮೇಲೆ ಹರವಿ, ತಾವೇ ನಿಂತು ತುಳಿಸುತ್ತಾರೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಸ್ಲ್ಯಾಬಿನ ಕೆಳಗೆ ನಾವು ರೊಟ್ಟಿಯ ಹಾಗೆ ಉಬ್ಬುತ್ತಿರುವಾಗ ಕಾಕಿಯ ಪಡಸಾಲೆಯಲ್ಲಿ ಕಂಬಳಿ ಹಾಸಿ ಮಲಗಿದರೆ ಸ್ವರ್ಗ. ನಾನು ಬನಹಟ್ಟಿಯಿಂದ ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅಲ್ಲಿ ನಿದ್ದೆ ಮಾಡಿದಷ್ಟು ಸುಖವಾಗಿ ಈ ಮನೆಯಲ್ಲಿ ಮಾಡಿಲ್ಲ ಎಂದರೆ ನನ್ನ ಗಂಡನಿಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅತ್ತೆಗೂ ಕಾಕಿಗೂ ಒಂದೇ ವಾರಿಗೆ, ಒಂದೇ ಹಠ. ಶ್ರಾವಣದ ನಾಗರ ಪಂಚಮಿ ಬಂತೆಂದರೆ ಇಬ್ಬರಿಗೂ ವಯಸ್ಸು ಮರೆತುಹೋಗುತ್ತದೆ. ನಮ್ಮ ಪಡಸಾಲೆ ದೊಡ್ಡದು. ಅದರ ಸ್ಲ್ಯಾಬಿನ ನಟ್ಟನಡುವೆ ಎರಡು ದಪ್ಪ ಕಬ್ಬಿಣದ ಕೊಂಡಿಗಳಿದ್ದವು, ಜೋಕಾಲಿಗೆಂದೇ ಅತ್ತೆ ಹಟ ಹಿಡಿದು ಹಾಕಿಸಿದ್ದು. ಮಹಾಲಿಂಗಪುರದ ಬೆಲ್ಲದಲ್ಲಿ ಕಟ್ಟಿದ ಶೇಂಗಾ ಉಂಡೆ ಬಾಯಲ್ಲಿ, ಕಚ್ಚೆ ಹಾಕಿದ ಸೀರೆ ಮೈಮೇಲೆ, ಇಬ್ಬರೂ ಮಣೆಯ ಮೇಲೆ ಎದುರುಬದುರು ನಿಂತು ಜೀಕುತ್ತಿದ್ದರೆ ಓಣಿಯ ಹುಡುಗಿಯರು ತಮ್ಮ ಪಾಳಿಗಾಗಿ ಬಾಗಿಲಲ್ಲಿ ಕಾಯಬೇಕು. "ಇಳೀರಿ ಇನ್ನ," ಎಂದು ನಾನು ಕೂಗಿದರೆ, "ನೀ ವಿಜ್ಞಾನ ಹೇಳಾಕಿ, ಹಿಂದಕ್ಕ ಹೋದದ್ದು ಮುಂದಕ್ಕ ಬರಬೇಕಲ್ಲ, ಹೆಂಗ ಇಳೀಲಿ?" ಎಂದು ಅತ್ತೆ ನಗುತ್ತಿದ್ದರು. ಹೌದು, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಅದು ನನ್ನ ಮೇಲೆ ಬಳಸುವ ಬೈಗುಳ.

ಆ ಗೋಡೆ ಅಳುವುದು ಪಂಚಮಿ ದಾಟಿದ ಮೇಲೆ. ಮೃಗಶಿರಾ, ಆರಿದ್ರದ ಪುಸುಪುಸು ಮಳೆಗೆ ಒಂದಿಷ್ಟು ಬೆವರುತ್ತಿತ್ತು, ಅಷ್ಟೇ. ಭಾದ್ರಪದದ ದೊಡ್ಡ ಮಳೆಗೆ ಮಾತ್ರ ಮೇಲಿನಿಂದ ಕೆಳಗೆ ತೊಯ್ದು, ಸುಣ್ಣ ಪಾಪುಡಿಯಾಗಿ ಎದ್ದು, ಉಪ್ಪು ಬಿಟ್ಟುಕೊಂಡು ನಿಲ್ಲುತ್ತಿತ್ತು. ಗೌಂಡಿಗಳು ಬಂದರು, ಹೋದರು. ಒಬ್ಬ ಮೇಲೆ ಕರಿ ಡಾಂಬರು ಬಳಿದ, ಇನ್ನೊಬ್ಬ ಅದರ ಮೇಲೆ ಬಿಳಿ ಔಷಧ ಹಚ್ಚಿದ, ಮತ್ತೊಬ್ಬ ಮೇಲಿನ ಕುಂಬಿಗೆ, ಅಂದರೆ ಸ್ಲ್ಯಾಬಿನ ಅಂಚಿನ ಗಿಡ್ಡ ಗೋಡೆಗೆ, ಹೊಸ ಗಿಲಾವು ಮಾಡಿದ. ನೀರು ಯಾರ ಮಾತನ್ನೂ ಕೇಳಲಿಲ್ಲ. ಅತ್ತೆ ಮಾತ್ರ ತಮ್ಮ ತೀರ್ಪನ್ನು ಎಂದೋ ಬರೆದಿಟ್ಟುಕೊಂಡಿದ್ದರು: ಪಕ್ಕದ ಮಣ್ಣಿನ ಮಾಳಿಗೆ ನೀರು ಕುಡಿಯುತ್ತದೆ, ಕುಡಿದದ್ದನ್ನು ನಮ್ಮ ಗೋಡೆಗೆ ಉಗುಳುತ್ತದೆ. ಆದರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಗೆಳತಿಯಲ್ಲವೇ?

ಆ ವರ್ಷ ಹೇಳಿಬಿಟ್ಟರು. ಗೋಡೆಗೆ ತೂಗುಹಾಕಿದ್ದ ಮಾವನವರ ಫೋಟೋದೊಳಗೆ ತೇವ ಹೊಕ್ಕು, ಅವರ ಮುಖದ ಅರ್ಧ ಬೂಸು ತಿಂದುಹಾಕಿತ್ತು. ಅದನ್ನು ಎದೆಗವಚಿಕೊಂಡು ಹಿತ್ತಲಿಗೆ ಹೋದ ಅತ್ತೆ, ಗಿಡ್ಡ ಗೋಡೆಯ ಆಚೆ ಹುಣಸೆಹಣ್ಣು ಕುಟ್ಟುತ್ತಿದ್ದ ಕಾಕಿಗೆ, "ನೋಡ ಬೇ, ನಿನ್ನ ಕೊಳತ ಮಾಳಗಿ ನನ್ನ ಗಂಡನ ಮಾರಿ ತಿಂತು!" ಎಂದು ಚೀರಿದರು. ಕಾಕಿ ಒನಕೆ ಕೆಳಗಿಟ್ಟರು. ಅವರ ಮುಖ ನಾನು ಮರೆಯಲಾರೆ. ಕಪಾಳಕ್ಕೆ ಹೊಡೆಸಿಕೊಂಡವರ ಮುಖ. "ಕೊಳತೈತೇನು? ಆತು. ಬನ್ನಿ ಹಬ್ಬ ಮುಗೀಲಿ. ಗೌಂಡಿನ ಕರಸಿ ಮಾಳಗಿ ಕೆಡವಿ ತಗಡ ಹಾಕಸ್ತೇನಿ. ಅಲ್ಲೀತನಾ ನಿನ್ನ ಮಾರಿ ನನಗ ತೋರಸಬ್ಯಾಡ." ಅಷ್ಟೇ. ಇಬ್ಬರ ನಡುವೆ ಮಾತು ನಿಂತಿತು.

ಕಾಕಿಯದು ಬಾಯಿಮಾತಲ್ಲ. ಮರುದಿನವೇ ಗೌಂಡಿ ಬಂದು ಅಳತೆ ತೆಗೆದುಕೊಂಡು ಹೋದ. ತೊಲೆಗಳನ್ನು ಕೊಳ್ಳಲು ಯಾರೋ ಬಂದು ಉಗುರಿನಿಂದ ಕೆರೆದು ನೋಡಿ, "ಛಲೋ ಸಾಗವಾನಿ ಐತ್ರೀ," ಎಂದು ಹೊಗಳಿದ. ಜಮಖಂಡಿಯ ಬಿಸಿಲಿಗೆ ತಗಡಿನ ಮನೆಯಲ್ಲಿ ಆ ಮುದುಕಿ ಹೇಗೆ ಬದುಕುತ್ತಾಳೆ? ಅದಕ್ಕಿಂತ ಹೆಚ್ಚಾಗಿ, ನಮ್ಮ ಮನೆಯವರ ಒಂದು ಮಾತಿಗೆ ಮಾಳಿಗೆ ಬಿದ್ದರೆ ಮುಂದಿನ ಪಂಚಮಿಗೆ ಈ ಇಬ್ಬರು ಯಾವ ಮುಖ ಇಟ್ಟುಕೊಂಡು ಎದುರುಬದುರು ನಿಲ್ಲುತ್ತಾರೆ? ನನಗೆ ಸಿಟ್ಟು ಬಂದರೆ ಕೆಲಸ ಬೇಗ ಆಗುತ್ತದೆ. ಬನ್ನಿ ಹಬ್ಬದೊಳಗೆ, ಅಂದರೆ ದಸರೆಯೊಳಗೆ, ಈ ನೀರಿನ ಹುಟ್ಟು ಹಿಡಿದೇ ತೀರುತ್ತೇನೆ ಎಂದು ಅತ್ತೆಗೆ ಕೇಳುವಂತೆ ಜೋರಾಗಿ ಹೇಳಿದೆ.

"ಗೌಂಡಿಗೋಳ ಕಡಿಂದ ಆಗಲಿಲ್ಲ, ನೀ ಹಿಡೀತಿ?" ಎಂದರು ಅತ್ತೆ.

"ಹಿಡೀತೇನ್ರಿ. ನಿಮ್ಮ ಕಣ್ಣ ಮುಂದನ ಹಿಡೀತೇನಿ."

ದಾರಿ ಹೊಳೆದದ್ದು ತವರಿನಿಂದ. ಬನಹಟ್ಟಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಮನೆತನ. ನೇಕಾರರು ಕೊಟ್ಟ ನೂಲಿನ ಲಡಿಗಳನ್ನು ಕುದಿಯುವ ಬಣ್ಣದ ಹಂಡೆಯಲ್ಲಿ ಅದ್ದಿ ತೆಗೆಯುವುದನ್ನು ನೋಡುತ್ತಲೇ ಬೆಳೆದವಳು ನಾನು. ನಮ್ಮ ಬಚ್ಚಲಿನಿಂದ ಗಟಾರಿಗೆ ಒಂದು ದಿನ ಹಸಿರು ನೀರು ಹರಿದರೆ ಇನ್ನೊಂದು ದಿನ ಕೆಂಪು. ಓಣಿಯ ತುದಿಯಲ್ಲಿ ನಿಂತವರೂ ಗಟಾರು ನೋಡಿ ಇವತ್ತು ನಮ್ಮ ಮನೆಯಲ್ಲಿ ಯಾವ ಸೀರೆಯ ನೂಲು ಅದ್ದಿದ್ದಾರೆಂದು ಹೇಳುತ್ತಿದ್ದರು. ನೀರಿಗೆ ಹೆಸರಿಲ್ಲ, ಬಣ್ಣ ಹಾಕಿದರೆ ಅದಕ್ಕೊಂದು ಗುರುತು ಬರುತ್ತದೆ. ಮಾಳಿಗೆಯ ಒಂದೊಂದು ಜಾಗಕ್ಕೆ ಒಂದೊಂದು ಬಣ್ಣ ಸುರಿದರೆ, ಗೋಡೆಯಲ್ಲಿ ಯಾವ ಬಣ್ಣ ಬರುತ್ತದೋ ಅಲ್ಲೇ ಕಳ್ಳ! ಇದು ಹೊಳೆದದ್ದು ಒಂಬತ್ತನೆಯ ತರಗತಿಯ ಪಾಠದ ನಡುವೆ. ನಾನು ಬೋರ್ಡಿನ ಮುಂದೆ ಒಬ್ಬಳೇ ನಕ್ಕದ್ದಕ್ಕೆ ಮಕ್ಕಳು ಮುಖ ಮುಖ ನೋಡಿಕೊಂಡವು.

ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬನಹಟ್ಟಿಗೆ ಓಡಿದೆ. ಅಣ್ಣ ಹಂಡೆಯ ಮುಂದೆ ಮೊಳಕೈವರೆಗೆ ನೀಲಿಯಾಗಿ ಕೂತಿದ್ದ. ಕೇಳಿದ್ದನ್ನು ಕೇಳಿ ಅವನಿಗೆ ನಗು ತಡೆಯಲಿಲ್ಲ.

"ಗ್ವಾಡಿಗೆ ಸೀರಿ ಉಡಸ್ತೀಯೇನಲೇ?"

"ನೀ ಬಣ್ಣ ಕೊಡ್ತಿಯೋ ಇಲ್ಲೋ?"

ನೀಲಿ ಕೊಟ್ಟ, ಹಸಿರು ಕೊಟ್ಟ. ಬೇಡವೆಂದರೂ ಗುಲಾಬಿಯ ಒಂದು ಪೊಟ್ಟಣ ಚೀಲಕ್ಕೆ ಹಾಕಿದ. ಅದು ಸಣ್ಣವಳಿದ್ದಾಗಿನಿಂದ ನನ್ನ ಬಣ್ಣ, ನನ್ನ ಮದುವೆಯ ಸೀರೆಯದೂ ಅದೇ. "ಒಂದ ಮಾತ ನೆನಪಿಡು. ಇದು ಪಕ್ಕಾ ಬಣ್ಣ. ತೊಳದ್ರ ಹೋಗಾಂಗಿಲ್ಲ," ಎಂದ. ಬಸ್ಸಿಗೆ ಹೊತ್ತಾಗಿತ್ತು. ಆ ಮಾತು ನನ್ನ ಕಿವಿಯ ಪಕ್ಕದಿಂದ ಹಾದುಹೋಯಿತು. ಬಣ್ಣಗಾರರ ಮನೆಯಲ್ಲಿ ಹುಟ್ಟಿದವರಷ್ಟೇ ಮಾಡಬಹುದಾದ ತಪ್ಪು ಅದು. ಬೇರೆಯವರು ಅಂಗಡಿಯ ರಂಗೋಲಿ ಪುಡಿ ತರುತ್ತಿದ್ದರು.

ಮನೆಗೆ ಮರಳಿದವಳೇ ಮೇಲೆ ಹತ್ತಿ, ನೀರಿನ ಟಾಕಿಯ ಸುತ್ತ ನೀಲಿ, ಕುಂಬಿಯ ಬುಡಕ್ಕೆ ಹಸಿರು ಸುರಿದೆ. ಉಳಿದದ್ದು ಕಾಕಿಯ ಮಾಳಿಗೆ. ಅದನ್ನು ಬಿಟ್ಟು ಪರೀಕ್ಷೆ ಮಾಡಿದರೆ ಅತ್ತೆ ಒಪ್ಪುವವರಲ್ಲ. ಹೆದರುತ್ತಲೇ ಹೋಗಿ ಕೇಳಿದೆ. ಕಾಕಿ ತೊಲೆಯ ಕೆಳಗೆ ಕಂಬಳಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನನ್ನ ಮಾತು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಮುಗಿದ ಮೇಲೆ ಎದ್ದು, ಜಗಲಿಯ ಮೇಲಿನ ದೇವರ ಮುಂದಿದ್ದ ಚೀಲ ತಂದರು. ಅದರೊಳಗೆ ಬೀರಪ್ಪನ ಭಂಡಾರ, ಅಂದರೆ ಅರಿಶಿನ.

"ನನ್ನ ಮಾಳಗಿಗೆ ನಿನ್ನ ಹಂಡೇದ ಬಣ್ಣ ಬ್ಯಾಡ. ಇದನ್ನ ನಾನ ಹಾಕತೇನಿ. ನಿಮ್ಮ ಗ್ವಾಡ್ಯಾಗ ಹಳದಿ ಬಂತಂದ್ರ ಬನ್ನಿ ಹಬ್ಬಾನೂ ಕಾಯೂದಿಲ್ಲ, ನಾಳೇನ ಕೆಡವತೇನಿ. ಬರಲಿಲ್ಲಂದ್ರ…" ಏಣಿ ಹತ್ತಿದರು. ನಮ್ಮ ಗೋಡೆಗೆ ತಾಗಿದ ಅಂಚಿನುದ್ದಕ್ಕೂ ಹಿಡಿ ಹಿಡಿಯಾಗಿ ಭಂಡಾರ ತೂರಿದರು. ಅವರ ಮೈಕೈ, ನನ್ನ ತಲೆ ಎಲ್ಲ ಹಳದಿ. ಒಂದು ವೇಳೆ ಅತ್ತೆ ಹೇಳಿದ್ದೇ ಖರೆಯಾಗಿದ್ದರೆ? ನಾನೇ ಕೈಯಾರೆ ಕಾಕಿಯ ಮನೆ ಕೆಡವಿದಂತಾಗುತ್ತದೆ.

ಆ ಮಧ್ಯಾಹ್ನ ಉತ್ತರಿ ಮಳೆ ನಮಗಾಗಿಯೇ ಬಂದಂತೆ ಬಂತು. ಮುಧೋಳದ ದಿಕ್ಕಿನಿಂದ ಕಪ್ಪಾಗಿ ಎದ್ದು, ದೊಡ್ಡ ದೊಡ್ಡ ಹನಿ ಹಾಕುತ್ತ, ಗುಡುಗುತ್ತ ಬಂತು. ಅತ್ತೆ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು, ಸಿನಿಮಾ ನೋಡುವವರ ಹಾಗೆ. ಎಲೆ ಅಡಿಕೆ ಕೂಡ ತಂದಿಟ್ಟುಕೊಂಡಿದ್ದರು. ನಾನು ಕೂರಲಾರದೆ ನಿಂತೆ, ನಿಲ್ಲಲಾರದೆ ತಿರುಗಾಡಿದೆ. ಗೋಡೆ ಮೊದಲು ಬೆವರಿತು. ಆಮೇಲೆ ಮೇಲಿನಿಂದ ನೀರಿನ ಎಳೆ ಇಳಿಯಿತು. ನಾನು ಬಿಳಿ ಕರವಸ್ತ್ರ ಒತ್ತಿ ಒತ್ತಿ ನೋಡಿದೆ. ಹಳದಿ ಇಲ್ಲ! ನೀಲಿ ಇಲ್ಲ, ಹಸಿರೂ ಇಲ್ಲ. ಬರೀ ನೀರು.

"ಹಳದಿ ಇಲ್ಲ ನೋಡ್ರಿ! ಕಾಕಿ ಮಾಳಗಿ ಅಲ್ಲ!" ಎಂದು ಕರವಸ್ತ್ರ ಅತ್ತೆಯ ಮೂಗಿನ ಮುಂದೆ ಹಿಡಿದೆ.

"ಭಂಡಾರ ಮಣ್ಣಾಗ ಇಂಗಿರಬೇಕು," ಎಂದರು ಅತ್ತೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವುದನ್ನು ಕೇಳಿದ್ದೆ. ಸೋಲಲಾರದವರಿಗೆ ದೇವರ ಭಂಡಾರವೂ ಡೊಂಕು ಎಂದು ಅವತ್ತು ಕಂಡೆ.

ಸಿಟ್ಟಿಗೆ ಗೋಡೆಗೆ ಒಂದು ಗುದ್ದು ಕೊಟ್ಟೆ. ಗುದ್ದು ಬಿದ್ದದ್ದು ಆ ಹಳೆಯ ಸ್ವಿಚ್ ಬೋರ್ಡಿನ ಮೇಲೆ. ಅದು ಸತ್ತ ಬೋರ್ಡು. ಪಡಸಾಲೆಯ ನಡುವಿನ ಫ್ಯಾನಿಗೆಂದು ಇಟ್ಟಿದ್ದು. ಎಂದೋ ಕರೆಂಟು ಬರುವುದು ನಿಂತು, ಅದರ ಮೇಲೊಂದು ಮುಚ್ಚಳ ಬಡಿದು, ಫ್ಯಾನನ್ನು ಮೂಲೆಗೆ ಸರಿಸಿದ್ದೆವು. ನಾನು ಗುದ್ದಿದ್ದಕ್ಕೆ ಮುಚ್ಚಳ ಒಂದು ಬದಿಗೆ ಬಾಯಿ ಬಿಟ್ಟಿತು. ಒಳಗಿನಿಂದ ಗುಳುಕ್ ಎಂದು ಒಂದು ಬಾಯಿ ನೀರು ಹೊರಬಿತ್ತು.

ನಾನು ಬೆಪ್ಪಾಗಿ ನಿಂತೆ. ಆಮೇಲೆ ಓಡಿ ಮೇನ್ ಸ್ವಿಚ್ ಇಳಿಸಿ, ಮುಚ್ಚಳ ಕಿತ್ತೆ. ಒಳಗೆ ವೈರಿನ ಕೊಳವೆಯ ಬಾಯಿ. ಆ ಬಾಯಿಂದ ತೊಟ್ಟಿಕ್ಕುತ್ತಿತ್ತು! ಗೋಡೆಗೆ ನೀರು ಬರುತ್ತಿದ್ದದ್ದು ಮೇಲಿನ ಅಂಚಿನಿಂದಲ್ಲ, ಗೋಡೆಯೊಳಗೆ ಹುಗಿದ ಈ ಕೊಳವೆಯ ಸಂದುಗಳಿಂದ. ಗಂಡ ಬೀಳಗಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದರು. ಫೋನು ಹಚ್ಚಿ, ಹಲೋ ಸಹ ಅನ್ನದೆ ಕೇಳಿದೆ: "ಸತ್ತ ಬೋರ್ಡಿನ ಪೈಪ ಎಲ್ಲಿಗೆ ಹೋಗತೈತ್ರಿ?"

"ಸ್ಲ್ಯಾಬಿನ ಒಳಗಿಂದ ಪಡಸಾಲಿ ನಡುವಿಗೆ. ಯಾಕ?"

"ಅದಕ್ಕ ಕರೆಂಟ್ ಬರೂದು ಯಾವಾಗ ನಿಂತತು?"

"ಅವ್ವ ಜೋಕಾಲಿ ಕೊಂಡಿ ಹಾಕಿಸಿದಾಗಿಂದ," ಎಂದರು.

ನಾನು ತಲೆ ಎತ್ತಿದೆ. ನೆತ್ತಿಯ ಮೇಲೆ ಆ ಎರಡು ಕೊಂಡಿಗಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು! ಸ್ಲ್ಯಾಬಿಗೆ ತೂತು ಕೊರೆದು ಸರಳು ತೂರಿಸುವಾಗ, ಒಳಗೆ ಮಲಗಿದ್ದ ಕೊಳವೆಯನ್ನೂ ಅದರೊಳಗಿನ ವೈರನ್ನೂ ಕೊರೆದುಬಿಟ್ಟಿದ್ದರು. ಸ್ಲ್ಯಾಬಿನ ಮೇಲೆ ಆ ಸರಳು ಬಿಗಿದ ನಟ್ಟಿನ ಸುತ್ತ ಮೆತ್ತಿದ ಸಿಮೆಂಟು ಪ್ರತಿ ಪಂಚಮಿಗೆ ಇವರು ಜೀಕಿದಂತೆಲ್ಲ ಸಡಿಲಾಗುತ್ತದೆ. ಅದಕ್ಕೇ ಪಂಚಮಿ ದಾಟಿದ ಮೇಲಿನ ಮಳೆಗೆ ಗೋಡೆ ಅಷ್ಟು ಅಳುವುದು! ಆದರೆ ಗೌಂಡಿಗಳ ಕಣ್ಣಿಗೆ ಆ ನಟ್ಟುಗಳು ಯಾಕೆ ಬೀಳಲಿಲ್ಲ?

ಮಳೆ ಕಡಿಮೆಯಾಗುತ್ತಲೇ ಗುಲಾಬಿ ಪೊಟ್ಟಣ, ಬಕೆಟ್ಟು, ತಂಬಿಗೆ ಹಿಡಿದು ಮೇಲೆ ಓಡಿದೆ. ಉತ್ತರ ಅಲ್ಲೇ ಕೂತಿತ್ತು. ನಟ್ಟುಗಳ ಮೇಲೆ ಅತ್ತೆಯ ಬೀಸುಕಲ್ಲು. ಗಿರಣಿ ಬಂದು ಬೀಸುವುದು ನಿಂತ ಮೇಲೆ, ತಾಯಿ ಕೊಟ್ಟ ಕಲ್ಲನ್ನು ಬಿಸಾಡಲಾರದೆ, ಯಾರೂ ನಟ್ಟಿಗೆ ಎಡವಬಾರದೆಂದು ಒಂದರ ಮೇಲೆ ಕೆಳಗಿನ ಕಲ್ಲು, ಇನ್ನೊಂದರ ಮೇಲೆ ಮೇಲಿನ ಕಲ್ಲು ಕೂಡಿಸಿದ್ದರು. ಬೀಸುಕಲ್ಲೆಂದರೆ ಲಕ್ಷ್ಮಿ, ಕಾಲು ತಾಗಬಾರದು, ಸುಮ್ಮಸುಮ್ಮನೆ ಸರಿಸಬಾರದು. ಹಬ್ಬಕ್ಕೆ ಅರಿಶಿನ ಕುಂಕುಮ ಬೇರೆ. ಹಾಗಾಗಿ ಬಂದ ಗೌಂಡಿಗಳೆಲ್ಲ ಕೈಮುಗಿದು, ಕಲ್ಲನ್ನು ಬಿಟ್ಟು ಸುತ್ತ ಡಾಂಬರು ಬಳಿದು, ಸುತ್ತ ಔಷಧ ಹಚ್ಚಿ ಹೋಗಿದ್ದರು. ನಾನೂ ಅವತ್ತು ಬೆಳಿಗ್ಗೆ ಬಣ್ಣ ಸುರಿಯುವಾಗ ಆ ಕಲ್ಲಿಗೆ ನಮಸ್ಕಾರ ಮಾಡಿ ಬದಿಗೆ ಹಾದುಹೋಗಿದ್ದೆ, ವಿಜ್ಞಾನದವಳು.

"ಅತ್ತೀ, ಗ್ವಾಡಿ ನೋಡ್ರಿ!" ಎಂದು ಮೇಲಿನಿಂದಲೇ ಕೂಗಿ, ಮೊದಲು ಕೆಳಗಿನ ಕಲ್ಲಿನ ಸುತ್ತ ಗುಲಾಬಿ ನೀರು ಸುರಿದೆ. ಅದು ಬೋರಲಾಗಿ ಕೂತ ಗಟ್ಟಿ ಕಲ್ಲು.

"ಬಂತೇನ್ರೀ?"

"ಏನೂ ಇಲ್ಲ!"

ಮೇಲಿನ ಕಲ್ಲಿಗೆ ನಡುವೆ ಬಾಯಿ ಇರುತ್ತದಲ್ಲ, ಜೋಳ ಹಾಕುವ ಬಾಯಿ. ನಟ್ಟಿನ ತುದಿ ಆ ಬಾಯಿಯೊಳಗೇ ಇಣುಕುತ್ತಿತ್ತು. ಸುತ್ತ ಮಳೆನೀರು ತುಂಬಿ, ಪುಟ್ಟ ಬಾವಿಯಾಗಿತ್ತು. ಬೀಸುವವರು ಒಂದೊಂದು ಹಿಡಿ ಜೋಳ ಹಾಕುವಂತೆ ಒಂದೊಂದು ತಂಬಿಗೆ ಗುಲಾಬಿ ನೀರು ಹಾಕಿದೆ. ಕಲ್ಲು ಗುಟುಗುಟು ಕುಡಿಯಿತು. ಇನ್ನೊಂದು ಹಾಕಿದೆ, ಅದನ್ನೂ ಕುಡಿಯಿತು.

"ಬಂತೇನ್ರೀ?"

ಮೆಟ್ಟಿಲಿನ ಬಾಯಿಗೆ ಬಂದು ಬಾಗಿ ಮತ್ತೆ ಕೂಗಿದೆ.

"ಅತ್ತೀ?"

"ಕೆಳಗ ಬಾ," ಎಂದರು ಅತ್ತೆ. ಧ್ವನಿ ಅವರದಲ್ಲ ಎನಿಸಿತು.

ಮೆಟ್ಟಿಲು ಇಳಿಯುವಾಗ ಜಾರಿ, ಕೊನೆಯ ಮೆಟ್ಟಿಲುಗಳನ್ನು ಕೂತೇ ಇಳಿದೆ. ಸತ್ತ ಬೋರ್ಡಿನ ಬಾಯಿಂದ ಹೊರಟಿತ್ತು ಗುಲಾಬಿ! ಎಂಥ ಗುಲಾಬಿ! ನನ್ನ ಮದುವೆಯ ಸೀರೆಯದೇ ಬಣ್ಣ, ಗೋಡೆಯುದ್ದಕ್ಕೂ, ಮಾವನವರ ಫೋಟೋ ತೂಗುಹಾಕಿದ್ದ ಮೊಳೆಯ ಕೆಳಗೇ ಹಾಸಿ, ನೆಲಕ್ಕೆ ಇಳಿದು, ಅತ್ತೆಯ ಕುರ್ಚಿಯ ಕಾಲಿಗೆ ಬಂದು ಮುಟ್ಟಿತ್ತು. ನಾನು ಚೀರಿದೆ, ಚಪ್ಪಾಳೆ ಹೊಡೆದೆ, ಒದ್ದೆ ಸೀರೆಯಲ್ಲೇ ಪಡಸಾಲೆಯ ತುಂಬ ಕುಣಿದೆ. ಅತ್ತೆ ಮಾತ್ರ ಎದ್ದು ನಿಂತು, ಬೆರಳ ತುದಿಯಿಂದ ಆ ಧಾರೆಯನ್ನು ಮುಟ್ಟಿ, ಬೆರಳು ನೋಡಿಕೊಂಡು, ಆಮೇಲೆ ಮೇಲಿನ ಕೊಂಡಿ ನೋಡಿದರು.

"ನನ್ನ ಕಲ್ಲು. ನನ್ನ ಕೊಂಡಿ," ಎಂದರು. ಕುರ್ಚಿಯ ಮೇಲೆ ಕೂತುಬಿಟ್ಟರು.

ನನಗೆ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಓಡಿ, "ಕಾಕೀ, ಗುಲಾಬಿ! ನಮ್ಮ ಜೋಕಾಲಿ ಕೊಂಡಿ ಕಾಕೀ! ನಿಮ್ಮ ಮಾಳಗಿ ಅಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಕಾಕಿ ಗಿಡ್ಡ ಗೋಡೆಯ ಆಚೆ ಬಂದರು. ಕಣ್ಣು ತುಂಬಿದ್ದವು. ಆದರೆ ಗದ್ದ ಮೇಲೇ ಇತ್ತು.

"ನೀ ಹೇಳಿದ್ದು ಕೇಳಿದ್ನಿ ಮಗಳ. ಆದ್ರ ಕೊಳತೈತಿ ಅಂದಾಕಿ ನೀ ಅಲ್ಲಲ್ಲ." ತಿರುಗಿ ಒಳಗೆ ಹೋದರು. ಗೌಂಡಿಗೆ ಬರಬೇಡವೆಂದು ಹೇಳಿ ಕಳಿಸಲಿಲ್ಲ.

ದುರಸ್ತಿ ಮಾಡಲು ಸಾವಳಗಿಯಿಂದ ಹೊಸ ಗೌಂಡಿಯನ್ನು ಕರೆಸಿದೆವು. ಅವನು ಎಲ್ಲ ನೋಡಿ, ತಲೆ ಕೆರೆದುಕೊಂಡು, ಅತ್ತೆಯ ಕಡೆ ತಿರುಗಿದ. "ಕೊಂಡಿ ಇಟ್ಟಕೊಂಡು ಎಷ್ಟ ಸಿಮೆಂಟ ಹಾಕಿದ್ರೂ ನೀವು ಜೀಕಿದ ಕೂಡಲೇ ಮತ್ತ ಬಿಡತೈತ್ರಿ ಅವ್ವಾರ. ಎರಡೂ ತಗೀಬೇಕು."

ಕೊಂಡಿ ತೆಗೆದರೆ ಪಂಚಮಿ ಇಲ್ಲ. ಅತ್ತೆ ಬಹಳ ಹೊತ್ತು ಕೊಂಡಿಯನ್ನೇ ನೋಡಿದರು. ಆಮೇಲೆ ತಾವೇ ಮೆಟ್ಟಿಲು ಹತ್ತಿ, ಕಲ್ಲಿಗೆ ಕುಂಕುಮ ಹಚ್ಚಿ, ಹಣೆ ಮುಟ್ಟಿಸಿ, "ತಗೀರಿ," ಎಂದರು. ಕಲ್ಲು ಸರಿಯಿತು. ಕೆಳಗೆ ಸಿಮೆಂಟು ಎನ್ನುವುದು ಕರದಂಟಿನ ಹಾಗೆ ತುಂಡು ತುಂಡಾಗಿತ್ತು. ಸರಳು ಎಳೆದ ಕೂಡಲೇ ಆಕಾಶದ ಬೆಳಕಿನ ಒಂದು ಬಿಲ್ಲೆ ಪಡಸಾಲೆಯ ನೆಲಕ್ಕೆ ಬಿತ್ತು. ತೂತಿನ ಪಕ್ಕಕ್ಕೆ ಒಡೆದ ಕೊಳವೆ, ಅದರೊಳಗೆ ಗುಲಾಬಿ ಬಣ್ಣದ ಸತ್ತ ವೈರು, ಎಲ್ಲವೂ ಕಂಡವು. ಗೌಂಡಿ ಕೊಳವೆಯ ಎರಡೂ ಬಾಯಿ ಮುಚ್ಚಿ, ತೂತಿಗೆ ಸಿಮೆಂಟಿನ ಹಾಲು ಕುಡಿಸಿ, ಮೇಲೆ ಕಾಂಕ್ರೀಟು ತುಂಬಿ, ಇಳಿಜಾರು ಸರಿಮಾಡಿದ. ಅದು ಗಟ್ಟಿಯಾದ ಮೇಲೆ ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆವು. ಗೋಡೆ ಒಣಗಿಯೇ ಇತ್ತು. ಹಬ್ಬಕ್ಕೆ ಮೊದಲು ಹಸ್ತಿ ಮಳೆ ಹುಚ್ಚೆದ್ದು ಸುರಿದಾಗ ನಾನು ಗೋಡೆಗೆ ಕೆನ್ನೆ ಹಚ್ಚಿ ನಿಂತೆ. ಒಣ ಗೋಡೆ ಎಂಥ ಸುಖ! ಹಚ್ಚಿದ ಕೆನ್ನೆಗೆ ಗುಲಾಬಿ ಹತ್ತಿತ್ತು ಎಂದು ಶಾಲೆಯಲ್ಲಿ ಮಕ್ಕಳು ನಕ್ಕಾಗ ಗೊತ್ತಾಯಿತು. ಎಷ್ಟು ತೊಳೆದರೂ ಹೋಗದಿದ್ದಾಗ ಅಣ್ಣನ ಮಾತೂ ಆವತ್ತೇ ನೆನಪಾಯಿತು.

ಬನ್ನಿ ಹಬ್ಬ ಬಂತು. ಸಂಜೆ ಓಣಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡುತ್ತ, "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎನ್ನುತ್ತ ತಿರುಗುತ್ತಿದ್ದರು. ನಮ್ಮ ಕಡೆ ವರ್ಷವಿಡೀ ಮುಖ ನೋಡದವರೂ ಆ ಸಂಜೆ ಎಲೆ ಕೊಟ್ಟರೆ, ಹಳೆಯದನ್ನು ಕೆದಕಬಾರದು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಒಳಗಿನಿಂದ ಬಂದರು. ಬಲಗೈಯಲ್ಲಿ ಬನ್ನಿ. ಎಡಗೈಯಲ್ಲಿ ಜೋಕಾಲಿಯ ಹಗ್ಗದ ಸಿಂಬಿ, ಕಂಕುಳಲ್ಲಿ ಮಣೆ. ನಾನು ಬಾಯಿ ತೆರೆಯುವುದರೊಳಗೆ ಹೊಸ್ತಿಲು ದಾಟಿದ್ದರು. ಹಿಂದೆಯೇ ಓಡಿದೆ.

ಕಾಕಿ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಎಲೆ ಚಾಚಿದರು. ಕಾಕಿ ತೆಗೆದುಕೊಂಡರು, ಬನ್ನಿಯನ್ನು ಯಾರೂ ಒಲ್ಲೆ ಎನ್ನುವುದಿಲ್ಲ. ಆದರೆ ಬಂಗಾರದ ಮಾತು ಆಡಲಿಲ್ಲ.

"ನಾಡದ ಮುಂಜಾನಿ ಗೌಂಡಿ ಬರ್ತಾನ," ಎಂದರು, ಎಲ್ಲೋ ನೋಡುತ್ತ.

"ಬರಲಿ. ಚಾ ಕುಡಿಸಿ ಕಳಸು," ಎಂದರು ಅತ್ತೆ. "ಕೊಳತದ್ದು ನನ್ನ ಬಾಯಿ ಆಗಿತ್ತು ಬೇ. ನಿನ್ನ ಮಾಳಗಿ ಅಲ್ಲ. ನನ್ನ ಕೊಂಡಿ ಹೋತು. ಈಗ ನಿನ್ನ ತೊಲೀನೂ ಕೆಡವಿದ್ರ ನಾ ಹಗ್ಗ ಎಲ್ಲಿ ಕಟ್ಟಲಿ?"

ಕಾಕಿ ತಲೆ ಎತ್ತಿ ತಮ್ಮ ಪಡಸಾಲೆಯ ತೊಲೆ ನೋಡಿದರು. ಆನೆ ತೂಗಿದರೂ ಅಲುಗದ ತೊಲೆ, ತೂತು ಬೇಡ, ನಟ್ಟು ಬೇಡ, ಹಗ್ಗ ಮೇಲಿಂದ ಎಸೆದು ಗಂಟು ಹಾಕಿದರೆ ಮುಗಿಯಿತು. ಅತ್ತೆಯ ಕೈಯಿಂದ ಹಗ್ಗ ಕಸಿದುಕೊಂಡರು. ಪಂಚಮಿ ಮುಗಿದು ಎಷ್ಟು ಕಾಲವಾಗಿತ್ತು! ದಸರೆಗೆ ಯಾರಾದರೂ ಜೋಕಾಲಿ ಕಟ್ಟುತ್ತಾರೆಯೇ? ನಾನು ಸ್ಟೂಲು ಹತ್ತಿ ಹಗ್ಗ ತೂರಿಸಿದೆ. ಹೊಟ್ಟೆ ತುಂಬ ನಗು, ಕಣ್ಣ ತುಂಬ ನೀರು, ನಾನು ಹಾಕಿದ ಗಂಟು ಸಡಿಲ. ಕಾಕಿಯೇ ಎಳೆದು ಬಿಗಿದರು. ಇಬ್ಬರೂ ಕಚ್ಚೆ ಸಿಕ್ಕಿಸಿ, ಮಣೆಯ ಮೇಲೆ ಎದುರುಬದುರು ನಿಂತರು.

ಮೊದಲ ತೂಗಿಗೆ ತೊಲೆ ಕಿರ್ ಎಂದಿತು. ಜಂತಿಯ ಸಂದಿಯಿಂದ ಒಂದು ಹಿಡಿ ಮಣ್ಣು ಇಬ್ಬರ ತಲೆಯ ಮೇಲೂ ಉದುರಿತು. 

"ಏ, ಮಣ್ಣ ಬೀಳಾಕತ್ತೈತಿ ಬೇ ನಿನ್ನ ಮಾಳಗಿ," ಎಂದರು ಅತ್ತೆ.

"ಮಣ್ಣ ಬೀಳತೈತಿ, ನೀರ ಬೀಳೂದಿಲ್ಲ," ಎಂದರು ಕಾಕಿ. "ಬಾಯಿ ಮುಚ್ಚಕೊಂಡು ಜೀಕು."

ಅತ್ತೆ ಜೀಕಿದರು.